ಕೊಡಗಿನಿಂದ 30 ಕಿಲೋಮೀಟರ್ ಮೇಲಕ್ಕೆ: ಹ್ಯಾಮ್ ರೇಡಿಯೋ ಬಲೂನಿನಲ್ಲಿ ತಾಪಮಾನ ಅಳೆಯುವ ಸಮಗ್ರ ಮಾರ್ಗದರ್ಶಿ

ಶಾಲೆಯ ಭೂಗೋಳದ ಸೂತ್ರ ಹೆಚ್ಚಿನವರಿಗೆ ನೆನಪಿದೆ: 165 ಮೀಟರ್ ಮೇಲೇರಿದರೆ 1 ಡಿಗ್ರಿ ತಂಪು. ಜನವರಿಯ ನಸುಕಿನಲ್ಲಿ ಕುಶಾಲನಗರದ ಬಯಲಿನಿಂದ ಥರ್ಮಾಮೀಟರು ಕಟ್ಟಿ ಬಲೂನು ಬಿಟ್ಟು ನೋಡಿ. ಮೊದಲ ಇನ್ನೂರು ಮುನ್ನೂರು ಮೀಟರ್‌ನಲ್ಲೇ ಸೂತ್ರ ಕೈಕೊಡಬಹುದು, 17 ಕಿ.ಮೀ. ದಾಟಿದ ಮೇಲಂತೂ ಪೂರ್ತಿ ತಲೆಕೆಳಗು.

ಬಲೂನು ಹಾರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಅದು ಕಳಿಸುವ ತಾಪಮಾನ ನಿಜವಾಗಿ ಗಾಳಿಯದ್ದೇ, ಅಥವಾ ಬಿಸಿಲಿನದ್ದೋ, ಡಬ್ಬಿಯದ್ದೋ, ಸೆನ್ಸರಿಗೆ ಅಂಟಿದ ಮಂಜಿನದ್ದೋ ಎಂದು ಖಚಿತಪಡಿಸಿಕೊಳ್ಳುವುದು ಕಷ್ಟ. ಸುಲಭವಾಗಿ ಸಿಗುವ ಸೂಚನೆಗಳೆಲ್ಲ ಯೂರೋಪು, ಅಮೆರಿಕದವರು ತಮ್ಮ ಆಕಾಶ ನೋಡಿ ಬರೆದವು ಎಂಬುದು ಇನ್ನೊಂದು ತೊಡಕು. ಅಲ್ಲಿ 11 ಕಿ.ಮೀ. ಆಸುಪಾಸಿನಲ್ಲಿ ಮೈನಸ್ 56 ಡಿಗ್ರಿಗೆ ಚಳಿ ನಿಂತುಬಿಡುತ್ತದೆ. ನಮ್ಮ ತಲೆಯ ಮೇಲೆ ಅದು 16–17 ಕಿ.ಮೀ.ವರೆಗೂ ಇಳಿಯುತ್ತಲೇ ಹೋಗಿ ಮೈನಸ್ 80 ಮುಟ್ಟುತ್ತದೆ. ಯಾವ ಸೆನ್ಸರು, ಯಾವ ಬ್ಯಾಟರಿ, ಯಾವ ತಿಂಗಳು, ಎಷ್ಟು ಗಂಟೆಗೆ ಎಂಬುದೆಲ್ಲ ಈ ಒಂದು ವ್ಯತ್ಯಾಸದಿಂದ ಬದಲಾಗುತ್ತದೆ.

ಮೇಲೆ ಏನು ಕಾದಿದೆ

ನೆಲ ಬಿಸಿಲಿಗೆ ಕಾಯುತ್ತದೆ, ಗಾಳಿ ನೆಲದಿಂದ ಕಾಯುತ್ತದೆ. ಮೇಲೇರಿದ ಗಾಳಿಯ ಮೇಲೆ ಒತ್ತಡ ಕಡಿಮೆಯಾಗುವುದರಿಂದ ಅದು ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ತನ್ನದೇ ಶಾಖ ಖರ್ಚುಮಾಡಿ ತಣ್ಣಗಾಗುತ್ತದೆ. ಒಣಗಾಳಿಯಾದರೆ ಕಿ.ಮೀ.ಗೆ ಸುಮಾರು 9.8 ಡಿಗ್ರಿ. ಮೋಡ ಕಟ್ಟುತ್ತಾ ಏರುವ ಹಸಿಗಾಳಿಯಾದರೆ, ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖ ಸೇರುವುದರಿಂದ, ಕೆಳಮಟ್ಟದಲ್ಲಿ 4ರಿಂದ 6 ಡಿಗ್ರಿ ಮಾತ್ರ. ಪಠ್ಯಪುಸ್ತಕದ 6.5 ಡಿಗ್ರಿ ಇವೆರಡರ ನಡುವಿನ ಸರಾಸರಿ, ಅಷ್ಟೇ. ಒಂದೇ ಹಾರಾಟದಲ್ಲಿ ಈ ಮೂರು ಬಗೆಯ ಇಳಿಜಾರೂ ಕಾಣಸಿಗುತ್ತವೆ.

ಕೊಡಗಿನ ಚಳಿಗಾಲದ ಬೆಳಗಿಗೆ ಸರಿಸುಮಾರು ಇಷ್ಟನ್ನು ನಿರೀಕ್ಷಿಸಿ: ಸಮುದ್ರ ಮಟ್ಟದಿಂದ 5 ಕಿ.ಮೀ. ಹತ್ತಿರ ಸೊನ್ನೆ ಡಿಗ್ರಿ, 10 ಕಿ.ಮೀ.ಯಲ್ಲಿ ಮೈನಸ್ 30–35, 12 ಕಿ.ಮೀ. ದಾಟುತ್ತಿದ್ದಂತೆ ಮೈನಸ್ 50, 16.5–17 ಕಿ.ಮೀ.ಯಲ್ಲಿ ಮೈನಸ್ 80ರ ಆಸುಪಾಸು. ಅಲ್ಲಿಂದ ಮೇಲೆ ಓಜೋನ್ ನೇರಳಾತೀತ ಕಿರಣ ಹೀರಿಕೊಂಡು ಗಾಳಿಯನ್ನು ಕಾಯಿಸುವುದರಿಂದ ಬಿಸಿ ಮರಳುತ್ತದೆ: 20 ಕಿ.ಮೀ.ಯಲ್ಲಿ ಮೈನಸ್ 65ರ ಸುತ್ತ, 30ರಲ್ಲಿ ಮೈನಸ್ 40–45. ತಿರುವಿನ ಆ ಬಿಂದುವೇ ಟ್ರೋಪೊಪಾಸ್. ಉಷ್ಣವಲಯದಲ್ಲಿ ಗುಡುಗುಮೋಡಗಳು ಶಾಖವನ್ನು ಬಹಳ ಎತ್ತರಕ್ಕೆ ಒಯ್ಯುತ್ತವೆ. ಅದರ ಮೇಲಿನ ಗಾಳಿಯೂ ನಿಧಾನವಾಗಿ ಏರುತ್ತಾ ತಣಿಯುತ್ತಿರುತ್ತದೆ. ಅದಕ್ಕೇ ನಮ್ಮ ಟ್ರೋಪೊಪಾಸ್ ಅಷ್ಟು ಎತ್ತರ, ಅಷ್ಟು ಚಳಿ.

ಪಠ್ಯದಲ್ಲಿ ಈ ಮೇಲಿನ ಪದರಕ್ಕೆ ‘ಸಮೋಷ್ಣ ಮಂಡಲ’ (ಸ್ಟ್ರಾಟೋಸ್ಫಿಯರ್) ಎಂಬ ಹೆಸರಿದೆ. ಸಮಶೀತೋಷ್ಣ ದೇಶಗಳಲ್ಲಿ ಅದರ ಕೆಳಭಾಗದ ಉಷ್ಣಾಂಶ ಹೆಚ್ಚುಕಡಿಮೆ ಸಮನಾಗಿರುವುದರಿಂದ ಅಲ್ಲಿಗೆ ಒಪ್ಪುವ ಹೆಸರು. ಕೊಡಗಿನ ಮೇಲೆ ಸಮವೇನೂ ಇಲ್ಲ: ಎತ್ತರಕ್ಕೆ ತಕ್ಕ ತಾಪಮಾನದ ಗ್ರಾಫು ಚೂಪಾದ ಮೂಗಿನಂತೆ ಎಡಕ್ಕೆ ಚಾಚಿ ಒಮ್ಮೆಲೇ ಹಿಂದಿರುಗುತ್ತದೆ. ಆ ಮೂಗಿನ ತುದಿಯನ್ನು ಸರಿಯಾಗಿ ಹಿಡಿದಿರಾ ಎಂಬುದೇ ನಿಮ್ಮ ಹಾರಾಟದ ಪರೀಕ್ಷೆ.

ಕಾಗದಪತ್ರ ಮೊದಲು

ಟ್ರಾನ್ಸ್‌ಮಿಟರ್ ಹಚ್ಚಲು ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬೇಕು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆಯ ಮೇಲೆ ಇದನ್ನು ಕೊಡುತ್ತದೆ. ರಿಸ್ಟ್ರಿಕ್ಟೆಡ್, ಜನರಲ್ ಎಂದು ಎರಡು ದರ್ಜೆ. ಲೈಸೆನ್ಸ್ ಇದ್ದರೂ ಅದು ಸಾಮಾನ್ಯವಾಗಿ ನೆಲದ ಮೇಲಿನ ಸ್ಟೇಷನ್ನಿಗೆ ಸಿಕ್ಕಿದ್ದು. ಹಾರುವ ಸ್ಟೇಷನ್ನಿಗೆ ಪ್ರತ್ಯೇಕವಾಗಿ ಬರೆದು ಒಪ್ಪಿಗೆ ಪಡೆಯಿರಿ. ಬಲೂನಿಗೆ ಡಿಜಿಸಿಎಯ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ) ಲಿಖಿತ ಅನುಮತಿ, ಹಾರಾಟದ ದಿನ ವಾಯು ಸಂಚಾರ ನಿಯಂತ್ರಣದವರಿಗೆ ಮಾಹಿತಿ, ಜಿಲ್ಲಾಡಳಿತಕ್ಕೂ ಪೊಲೀಸ್ ಠಾಣೆಗೂ ಪತ್ರ, ಇವಿಲ್ಲದೆ ಅನಿಲದ ಸಿಲಿಂಡರಿಗೆ ಆರ್ಡರ್ ಕೊಡಬೇಡಿ. ನೈಋತ್ಯಕ್ಕೆ ಕಣ್ಣೂರು, ವಾಯವ್ಯಕ್ಕೆ ಮಂಗಳೂರು ವಿಮಾನ ನಿಲ್ದಾಣಗಳಿವೆ. ಕೊಡಗಿನ ಆಕಾಶ ಖಾಲಿ ಎಂದುಕೊಳ್ಳುವುದು ತಪ್ಪು. ಕೆಲವು ತಿಂಗಳು ಹಿಡಿಯಬಹುದು, ಮಳೆಗಾಲದಲ್ಲೇ ಅರ್ಜಿ ಹಾಕಿ.

ಅರ್ಜಿಯಲ್ಲಿ ತೂಕ ಸ್ಪಷ್ಟವಾಗಿರಲಿ. ಅಂತರರಾಷ್ಟ್ರೀಯ ವಿಮಾನಯಾನ ನಿಯಮದಲ್ಲಿ ಒಟ್ಟು ಹೊರೆ 4 ಕಿಲೋಗಿಂತ ಕಡಿಮೆಯಿದ್ದರೆ ‘ಹಗುರ’ ವರ್ಗ. 230 ನ್ಯೂಟನ್ ಅಥವಾ ಅದಕ್ಕಿಂತ ಹೆಚ್ಚು ಎಳೆತ ತಡೆಯುವ ಹಗ್ಗ ಕಟ್ಟಿದರೆ ಮಾತ್ರ ತೂಕ ಎಷ್ಟೇ ಕಡಿಮೆಯಿದ್ದರೂ ‘ಭಾರಿ’ ವರ್ಗಕ್ಕೆ ಹೋಗುತ್ತದೆ. 230 ನ್ಯೂಟನ್ ಎಂದರೆ ಸುಮಾರು 23 ಕಿಲೋ ತೂಗಿದಾಗ ತುಂಡಾಗುವ ದಾರ. ‘ಗಟ್ಟಿ ಇರಲಿ’ ಎಂದು ದಪ್ಪ ನೈಲಾನ್ ಹಗ್ಗ ಹಾಕುವವರು ಎಡವುವುದು ಇಲ್ಲೇ.

ಯಾವ ತಿಂಗಳು, ಯಾವ ಗದ್ದೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಮಳೆ ಒಂದು ಕಾರಣ. ಇನ್ನೊಂದು ಕಣ್ಣಿಗೆ ಕಾಣದ್ದು. ಮುಂಗಾರಿನಲ್ಲಿ ಕೆಳಗೆ ಗಾಳಿ ಸಮುದ್ರದಿಂದ ಬೀಸಿದರೆ, 14–16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೆಟ್ ಪ್ರವಾಹ ಓಡುತ್ತಿರುತ್ತದೆ. ಇದನ್ನು 1958ರಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ವೇಗ ಸೆಕೆಂಡಿಗೆ 30 ಮೀಟರ್ ಮೀರುವುದು ಸಾಮಾನ್ಯ. 10ರಿಂದ 20 ಕಿ.ಮೀ. ದಾಟಲು ಬಲೂನಿಗೆ 33 ನಿಮಿಷ ಬೇಕು. ಸರಾಸರಿ 25 ಮೀಟರ್ ವೇಗವೆಂದರೂ ಅಷ್ಟರಲ್ಲಿ 50 ಕಿ.ಮೀ. ಪಶ್ಚಿಮಕ್ಕೆ ಸರಿಯಿತು. ಮಡಿಕೇರಿಯಿಂದ ಅರಬ್ಬಿ ಸಮುದ್ರ ನೇರ ದಾರಿಯಲ್ಲಿ ಎಪ್ಪತ್ತು ಎಂಬತ್ತು ಕಿ.ಮೀ. ಮಾತ್ರ. ಲೆಕ್ಕ ನೀವೇ ಹಾಕಿ.

ಹುತ್ತರಿ ಕಳೆದು ಗದ್ದೆ ಖಾಲಿಯಾದ ಮೇಲೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಕಾಫಿಗೆ ಹೂಮಳೆ ಶುರುವಾಯಿತೆಂದರೆ ಮಧ್ಯಾಹ್ನದ ಗುಡುಗುಮೋಡಗಳ ಕಾಲವೂ ಬಂತು. ಚಳಿಗಾಲದಲ್ಲೂ ಗಾಳಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಹಾರಾಟಕ್ಕೆ ಐದು ದಿನ ಮೊದಲಿನಿಂದ ಬಲೂನಿನ ದಾರಿಯ ಮುನ್ಸೂಚನೆ ಕೊಡುವ ಸಾಂಡ್‌ಹಬ್‌ನಂಥ ಜಾಲತಾಣದಲ್ಲಿ ದಿನಕ್ಕೆರಡು ಸಲ ಇಳಿಯುವ ಜಾಗ ನೋಡಿ. ಏರುವ ವೇಗ 5 ಮೀ., ಇಳಿಯುವ ವೇಗ 5 ಮೀ., ಒಡೆಯುವ ಎತ್ತರ 29,500 ಮೀ. ಎಂದು ತುಂಬಿಸಿ. ಬಳಿಕ ಒಡೆಯುವ ಎತ್ತರವನ್ನು 25,000ಕ್ಕೂ 32,000ಕ್ಕೂ ಬದಲಿಸಿ ಮತ್ತೆ ಓಡಿಸಿ. ಮೂರೂ ಸಲ ಬಿಂದು ಸುರಕ್ಷಿತ ಜಾಗದಲ್ಲಿ ಬಿದ್ದರೆ ಮಾತ್ರ ಆ ದಿನ ಹಾರಿಸಿ.

ಸುರಕ್ಷಿತ ಜಾಗ ಎಂದರೆ ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡು ಕಡೆಯ ಹೊಗೆಸೊಪ್ಪು, ರಾಗಿ ಹೊಲಗಳ ಬಯಲು. ನಾಗರಹೊಳೆ ಅಲ್ಲ: ಹುಲಿ ಸಂರಕ್ಷಿತ ಪ್ರದೇಶದೊಳಗೆ ಡಬ್ಬಿ ಬಿದ್ದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಹೆಜ್ಜೆ ಇಡುವಂತಿಲ್ಲ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳಿಗೂ ಇದೇ ಮಾತು. ಹಾರಂಗಿ ಹಿನ್ನೀರನ್ನೂ ಮರೆಯಬೇಡಿ.

ಹಾಗಾಗಿ ಬಿಡುವ ಜಾಗ ಜಿಲ್ಲೆಯ ಪೂರ್ವ ಅಂಚಿನಲ್ಲಿರಲಿ, ಕುಶಾಲನಗರ ಅಥವಾ ಶನಿವಾರಸಂತೆ ಕಡೆ. ಮಡಿಕೇರಿ ಗುಡ್ಡದ ಮೇಲಿಂದ ಬಿಟ್ಟರೆ ಮುನ್ನೂರು ಮೀಟರ್ ಎತ್ತರ ಪುಕ್ಕಟೆ ಸಿಗುತ್ತದೆ, ನಿಜ, 30 ಕಿ.ಮೀ. ಹಾರುವ ಬಲೂನಿಗೆ ಅದು ಒಂದು ನಿಮಿಷದ ದಾರಿ. ಕಾಫಿ ಕಣ ಸಮತಟ್ಟಾಗಿ ಅನುಕೂಲ ಎನಿಸುತ್ತದೆ. ಆದರೆ ಸುತ್ತ ಸಿಲ್ವರ್ ಓಕ್ ಮರಗಳು ನಿಂತಿರುತ್ತವೆ, ನಿಮ್ಮ ದಾರವೇ 25 ಮೀಟರ್ ಉದ್ದ. ಸುತ್ತ ಕನಿಷ್ಠ 60 ಮೀಟರ್‌ವರೆಗೆ ಮರ, ವಿದ್ಯುತ್ ತಂತಿ ಇಲ್ಲದ ಗದ್ದೆ ಬೇಕು. ಗದ್ದೆಯಲ್ಲಿ ಭತ್ತದ ಕೂಳೆ ಸೂಜಿಯಂತೆ ನಿಂತಿರುತ್ತದೆ. ಅದರ ಮೇಲೆ ದಪ್ಪ ಟಾರ್ಪಾಲು, ಟಾರ್ಪಾಲಿನ ಮೇಲೆ ಹಳೇ ಬೆಡ್‌ಶೀಟು ಹಾಸದೆ ಬಲೂನು ಬಿಚ್ಚಬೇಡಿ.

ಥರ್ಮಾಮೀಟರು

ಇದಕ್ಕೆ ಬಲೂನಿಗಿಂತ ಹೆಚ್ಚು ದಿನ ಇಟ್ಟುಕೊಳ್ಳಿ.

ಹವ್ಯಾಸಿಗಳ ಮೆಚ್ಚಿನ ಡಿಎಸ್18ಬಿ20 ಸೆನ್ಸರಿನ ವ್ಯಾಪ್ತಿ ಮೈನಸ್ 55ಕ್ಕೆ ಮುಗಿಯುತ್ತದೆ. ಲಂಡನ್ನಿನ ಮೇಲೆ ಹೇಗೋ ನಡೆದೀತು. ಇಲ್ಲಿ 12.5 ಕಿ.ಮೀ. ದಾಟುತ್ತಿದ್ದಂತೆ ಸುಳ್ಳು ಹೇಳಲು ಶುರುಮಾಡಿ, ಸುಮಾರು 25 ಕಿ.ಮೀ. ತನಕ ಅದನ್ನು ನಂಬುವಂತಿಲ್ಲ. ಅಂದರೆ ಮೂಗು ಪೂರ್ತಿ ಕತ್ತರಿಸಿಹೋಯಿತು. ಒತ್ತಡವನ್ನೂ ಅಳೆಯುವ ಬಿಎಂಪಿ280 ಸೆನ್ಸರಿನ ತಾಪಮಾನ ಮೈನಸ್ 40ಕ್ಕೆ, ಒತ್ತಡ 300 ಹೆಕ್ಟೋಪಾಸ್ಕಲ್‌ಗೆ, ಎಂದರೆ ಒಂಬತ್ತೂವರೆ ಕಿ.ಮೀ. ಸುತ್ತ, ನಿಲ್ಲುತ್ತದೆ. ಅಗ್ಗದ 10 ಕಿಲೋಓಮ್ ಥರ್ಮಿಸ್ಟರಿನ (ತಾಪಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಿಸುವ ಬಿಡಿಭಾಗ) ರೋಧ ಮೈನಸ್ 80ರಲ್ಲಿ ಹಲವು ಮೆಗಾಓಮ್‌ಗೆ ಏರುತ್ತದೆ. 10 ಕಿಲೋಓಮ್ ರೆಸಿಸ್ಟರ್ ಜೋಡಿಸಿ ಓದುವ ಸರ್ಕ್ಯೂಟಿಗೆ ಅದು ತುಂಡಾದ ತಂತಿಯಂತೆಯೇ ಕಾಣುತ್ತದೆ.

ಕೆಲಸಕ್ಕೆ ಬರುವುದು ತೆಳು ಪ್ಲಾಟಿನಂ ಪದರದ ಪಿಟಿ1000, ಲೋಹದ ಕೊಳವೆಯಲ್ಲಿ ಹಾಕಿದ್ದಲ್ಲ, 2 ಮಿ.ಮೀ. ಬರಿ ಚಿಪ್. ಸೊನ್ನೆ ಡಿಗ್ರಿಯಲ್ಲಿ 1000 ಓಮ್, ಮೈನಸ್ 80ರಲ್ಲಿ ಸುಮಾರು 683 ಓಮ್. ಓದಲು ಏನೂ ತೊಂದರೆಯಿಲ್ಲ. ಜೊತೆಗೆ ಆ ಓಮ್ ಓದುವ ಮ್ಯಾಕ್ಸ್31865 ಬೋರ್ಡು. ಇದರಲ್ಲಿ ಪಿಟಿ100ಕ್ಕೆ 430 ಓಮ್, ಪಿಟಿ1000ಕ್ಕೆ 4300 ಓಮ್ ರೆಫರೆನ್ಸ್ ರೆಸಿಸ್ಟರ್ ಇರುತ್ತದೆ. ತಪ್ಪಾದದ್ದನ್ನು ತಂದು ಓದು ಹೊಂದದೆ ತಲೆಕೆಡಿಸಿಕೊಳ್ಳುವವರೇ ಹೆಚ್ಚು. ಬೋರ್ಡು ಸ್ವತಃ ಮೈನಸ್ 40ರವರೆಗೆ ಮಾತ್ರ, ಡಬ್ಬಿಯೊಳಗೇ ಇರಲಿ. ಸೆನ್ಸರಿಗೆ ಸದಾ ಕರೆಂಟು ಹರಿಸಬೇಡಿ: ತೆಳುಗಾಳಿಯಲ್ಲಿ ಆ ಚೂರು ಕರೆಂಟಿನ ಬಿಸಿಯೂ ಬೇಗ ಹೊರಹೋಗದು. ಓದುವ ಕ್ಷಣಕ್ಕೆ ಹಚ್ಚಿ, ಓದಿ, ಆರಿಸಿ.

ಎಲ್ಲಿ ಕಟ್ಟಬೇಕು? ಡಬ್ಬಿಯಿಂದ 25–30 ಸೆಂ.ಮೀ. ಹೊರಗೆ, ಅಡ್ಡಲಾಗಿ ಚಾಚಿದ ತೆಳು ಬಿದಿರು ಕಡ್ಡಿ ಅಥವಾ ಕಾರ್ಬನ್ ಕಡ್ಡಿಯ ತುದಿಗೆ. ಡಬ್ಬಿಯ ಗೋಡೆಗೆ ಅಂಟಿಸಿದರೆ ಡಬ್ಬಿಯದೇ ಬಿಸಿ ತೋರಿಸುತ್ತದೆ. ಬಲೂನಿನಿಂದ ಒಟ್ಟು ದೂರ 25 ಮೀಟರ್ ಇರಲಿ, ಏಕೆಂದರೆ ಬಿಸಿಲಿಗೆ ಕಾದ ರಬ್ಬರಿನ ಮೈ ಸವರಿ ಬಂದ ಗಾಳಿ ನೇರ ಕೆಳಗೇ ಹಿಂಬಾಲಿಸುತ್ತದೆ.

ಬಿಸಿಲಿನದು ಹಳೇ ಕಾಟ. 20 ಕಿ.ಮೀ. ಮೇಲೆ ಗಾಳಿಯ ಸಾಂದ್ರತೆ ನೆಲದ ಹದಿನಾಲ್ಕನೇ ಒಂದು ಪಾಲು. ಬಿಸಿಲು ಕೊಟ್ಟ ಶಾಖವನ್ನು ಸೆನ್ಸರಿನಿಂದ ಒಯ್ಯಲು ಸಾಕಷ್ಟು ಗಾಳಿಯೇ ಇಲ್ಲ. ಸಮೋಷ್ಣ ಮಂಡಲವನ್ನು 1902ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಟೆಸೆರೆಂಕ್ ದ ಬೋರ್, ಚಳಿ ನಿಂತದ್ದು ನಿಜವೋ ಬಿಸಿಲಿನ ಆಟವೋ ಎಂದು ತಿಳಿಯಲು ರಾತ್ರಿ ಹಾರಾಟಗಳನ್ನೂ ನಡೆಸಿದ್ದ. ನೀವೂ ಹಾಗೇ ಮಾಡಿ. ಜನವರಿ ಮಧ್ಯದಲ್ಲಿ ಕುಶಾಲನಗರದಲ್ಲಿ ಸೂರ್ಯ ಹುಟ್ಟುವುದು ಸುಮಾರು 6.50ಕ್ಕೆ. 16.5 ಕಿ.ಮೀ. ಎತ್ತರದಲ್ಲಿ ದಿಗಂತ 4 ಡಿಗ್ರಿಯಷ್ಟು ಕೆಳಗಿರುವುದರಿಂದ ಅಲ್ಲಿ ಸುಮಾರು 17 ನಿಮಿಷ ಮೊದಲೇ, 6.33ರ ಹೊತ್ತಿಗೆ, ಬಿಸಿಲು ತಾಗುತ್ತದೆ. ಬೆಳಗ್ಗೆ 5.30ಕ್ಕೆ ಬಿಟ್ಟ ಬಲೂನು ಆ ಎತ್ತರ ಮುಟ್ಟುವುದು 6.22ಕ್ಕೆ. ಹತ್ತು ನಿಮಿಷದ ಅಂತರದಲ್ಲಿ ಮೂಗಿನ ತುದಿ ಕತ್ತಲಲ್ಲೇ ಅಳೆದಾಯಿತು. 5.30 ದಾಟಿ ಹತ್ತು ನಿಮಿಷ ತಡವಾದರೆ ಆ ಲಾಭ ಹೋಯಿತು. ಇನ್ನೊಂದು ಅನುಕೂಲ: ಹವಾಮಾನ ಇಲಾಖೆಯ ಬಲೂನು ವೀಕ್ಷಣೆಯ ಗಂಟೆಯೂ 5.30, ಮಂಗಳೂರಿನ ಪಣಂಬೂರು ಮತ್ತು ಬೆಂಗಳೂರಿನ ಅದೇ ಬೆಳಗಿನ ಅಂಕಿಗಳೊಂದಿಗೆ ನಿಮ್ಮದನ್ನು ಹೋಲಿಸಿ ನೋಡಬಹುದು.

ಕೊಡಗಿನದೇ ಆದ ತೊಂದರೆ ಮಂಜು. ಕಾವೇರಿ ಬಯಲಿನ ಮಂಜಿನಲ್ಲಿ ಹಾದುಹೋದ ಸೆನ್ಸರು ಒದ್ದೆಯಾಗುತ್ತದೆ. ಮೇಲಿನ ಒಣಗಾಳಿಗೆ ಬಂದೊಡನೆ ಆ ನೀರು ಆರುತ್ತಾ ಸೆನ್ಸರನ್ನು ತಣಿಸುತ್ತದೆ. ಗ್ರಾಫಿನಲ್ಲಿ ಮಂಜಿನ ನೆತ್ತಿಯ ಮೇಲೆ ಹಠಾತ್ತನೆ ಒಂದು ತಗ್ಗು ಕಂಡರೆ ಅದು ಗಾಳಿಯದ್ದಲ್ಲ. ಸೆನ್ಸರಿಗೆ ನೀರು ನಿಲ್ಲದ ತೆಳು ವಾರ್ನಿಷ್ ಒಂದು ಪದರ ಹಚ್ಚಿ, ಬಿಡುವ ಕ್ಷಣದವರೆಗೆ ಒಣ ಪ್ಲಾಸ್ಟಿಕ್ ಚೀಲದಿಂದ ಮುಚ್ಚಿಡಿ. ಚೀಲ ತೆಗೆಯುವುದು ಒಬ್ಬರ ಹೊಣೆಯಾಗಿರಲಿ. ಅದರ ಸಮೇತ ಹಾರಿದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ.

ಕ್ಯಾಲಿಬ್ರೇಷನ್ ಎರಡು ಬಿಂದುಗಳಲ್ಲಿ. ಮೊದಲನೆಯದು ಪುಡಿ ಮಾಡಿದ ಮಂಜುಗಡ್ಡೆ, ಅದು ಮುಳುಗುವಷ್ಟೇ ನೀರು, ಥರ್ಮಾಸ್‌ನಲ್ಲಿ ಹದಿನೈದು ನಿಮಿಷ: ಸೊನ್ನೆ. ಎರಡನೆಯದಕ್ಕೆ ಕುದಿಯುವ ನೀರನ್ನು ಬಳಸಬೇಡಿ. ಮಡಿಕೇರಿಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಮೇಲಾಗಿ ನಿಮಗೆ ಬೇಕಿರುವುದು ಚಳಿಯ ತುದಿ. ಮೈಸೂರು ಅಥವಾ ಬೆಂಗಳೂರಿನಿಂದ 2 ಕಿಲೋ ಡ್ರೈ ಐಸ್ ತರಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಿ ಕದಡಿದರೆ ಮೈನಸ್ 78ರ ಸುತ್ತ ನಿಲ್ಲುತ್ತದೆ. ಗಾಳಿಯಾಡುವ ಜಾಗ, ದಪ್ಪ ಕೈಗವಸು, ಹತ್ತಿರ ಬೆಂಕಿ ಬೇಡ, ಪಾತ್ರೆಯ ಬಾಯಿ ಎಂದೂ ಬಿಗಿಯಬೇಡಿ. ಎರಡು ಬಿಂದುಗಳ ತಿದ್ದುಪಡಿಯನ್ನು ಪ್ರೋಗ್ರಾಮಿನಲ್ಲಿ ಅಡಗಿಸದೆ ಕಾಗದದ ಮೇಲೆ ಬರೆದಿಡಿ. ಹಾರಾಟದಲ್ಲಿ ಕಚ್ಚಾ ಓಮ್ ಸಂಖ್ಯೆಯೇ ದಾಖಲಾಗಲಿ.

ಡಬ್ಬಿಯೊಳಗೆ

ಒಟ್ಟು ಹೊರೆ 650 ಗ್ರಾಂ ಎಂದು ಇಟ್ಟುಕೊಳ್ಳೋಣ: ಮುಖ್ಯ ಡಬ್ಬಿ 300, ಸ್ವತಂತ್ರ ಬ್ಯಾಟರಿಯ ಎರಡನೇ ಟ್ರ್ಯಾಕರ್ 120, ಪ್ಯಾರಾಚೂಟ್ 80, ರೇಡಾರ್ ಪ್ರತಿಫಲಕ 100, ದಾರ ಮತ್ತು ತಿರುಗುಕೊಂಡಿಗಳು 50. ಡಬ್ಬಿಗೆ 25 ಮಿ.ಮೀ. ದಪ್ಪದ ಥರ್ಮಾಕೋಲ್, ಕರಾವಳಿಯಿಂದ ಮೀನು ಬರುವ ಡಬ್ಬಿಯನ್ನು ಕತ್ತರಿಸಿಕೊಂಡರೂ ಆಗುತ್ತದೆ, ವಾಸನೆ ಸಹಿಸಬಲ್ಲಿರಾದರೆ.

ಬ್ಯಾಟರಿ ಲಿಥಿಯಂ ಎಎ ನಾಲ್ಕು, ತಲಾ 15 ಗ್ರಾಂ, ಮೈನಸ್ 40ರವರೆಗೆ ಕೆಲಸ ಮಾಡುವಂಥವು. ಅಂಗಡಿಯ ಮಾಮೂಲಿ ಆಲ್ಕಲೈನ್ ಸೆಲ್ಲು, ಡ್ರೋನಿನ ಲಿಪೋ ಎರಡೂ ಚಳಿಗೆ ಸೋಲುತ್ತವೆ. ಹೊಸ ಲಿಥಿಯಂ ಸೆಲ್ಲು 1.8 ವೋಲ್ಟ್ ತನಕ ತೋರಿಸಬಹುದು, ನಾಲ್ಕು ಸೇರಿ 7.2, ನಿಮ್ಮ ರೆಗ್ಯುಲೇಟರ್ ಅದನ್ನು ತಡೆಯುತ್ತದೆಯೇ ಮೊದಲೇ ನೋಡಿ. ಒತ್ತಡಕ್ಕೆ ಎಂಎಸ್5611 ಸೆನ್ಸರು: 10 ಹೆಕ್ಟೋಪಾಸ್ಕಲ್‌ವರೆಗೆ ಓದುವುದರಿಂದ 30 ಕಿ.ಮೀ.ಗೆ ಸಾಕು. ಅದಕ್ಕೆ ಬೆಳಕು ಬೀಳದಂತೆ ಕಪ್ಪು ಸ್ಪಂಜು ಮುಚ್ಚಿ, ಡಬ್ಬಿಗೆ ಸೂಜಿಮೊನೆಯ ತೂತೊಂದು ಬಿಡಿ.

ಜಿಪಿಎಸ್ ವಿಷಯದಲ್ಲಿ ಒಂದೇ ಮಾತು, ಆದರೆ ಇದನ್ನು ಮರೆತರೆ ಹಾರಾಟ ಕೆಟ್ಟಿತು. ಯು-ಬ್ಲಾಕ್ಸ್ ಮಾಡ್ಯೂಲು ಕೊಂಡುತಂದಾಗ ‘ಪೋರ್ಟಬಲ್’ ಸ್ಥಿತಿಯಲ್ಲಿರುತ್ತದೆ; 12 ಕಿ.ಮೀ. ದಾಟಿದರೆ ಸ್ಥಾನ ಹೇಳುವುದು ನಿಲ್ಲಿಸುತ್ತದೆ. ಅದನ್ನು ‘ಏರ್‌ಬೋರ್ನ್ 1ಜಿ’, ಅಂದರೆ ಡೈನಾಮಿಕ್ ಮಾಡೆಲ್ 6ಕ್ಕೆ ಬದಲಿಸಬೇಕು. ಆಗ 50 ಕಿ.ಮೀ. ತನಕ ನಡೆಯುತ್ತದೆ. ಕಮಾಂಡ್ ಕಳಿಸಿ ಸುಮ್ಮನಾಗಬೇಡಿ, ಮಾಡ್ಯೂಲಿನಿಂದ ಒಪ್ಪಿಗೆಯ ಉತ್ತರ ಬಂತೇ ಎಂದು ಪ್ರೋಗ್ರಾಮು ನೋಡಲಿ. ಕರೆಂಟು ಒಂದು ಕ್ಷಣ ಹೋಗಿ ಬಂದರೆ ಸೆಟ್ಟಿಂಗು ಹಳೆಯದಕ್ಕೆ ಮರಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಕಳಿಸುತ್ತಿರಿ.

ರೇಡಿಯೋಗೆ 70 ಸೆಂ.ಮೀ. ಬ್ಯಾಂಡಿನ ಲೋರಾ (ಕಡಿಮೆ ಶಕ್ತಿಯಲ್ಲಿ ದೂರ ತಲುಪುವ ಡಿಜಿಟಲ್ ಪ್ರಸಾರ) ಮಾಡ್ಯೂಲು, 100 ಮಿಲಿವ್ಯಾಟ್. ಇಲ್ಲೂ ಪರದೇಶದ ಸೂಚನೆ ಕಣ್ಣುಮುಚ್ಚಿ ಪಾಲಿಸಬೇಡಿ: ಯೂರೋಪಿನ ಹ್ಯಾಮ್‌ಗಳ ಲೋರಾ ಕಂಪನಾಂಕ 433.775 ಮೆಗಾಹರ್ಟ್ಸ್ ಭಾರತದ ಹ್ಯಾಮ್ ಬ್ಯಾಂಡಿನೊಳಗೇ ಇಲ್ಲ. ನಮ್ಮದು 434ರಿಂದ 438. ಅದರಲ್ಲೂ 435ರ ಮೇಲೆ ಉಪಗ್ರಹಗಳಿವೆ, 434–435ರ ನಡುವೆ ನಿಲ್ಲಿ. ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್ ಇರಲಿ: ಅಗ್ಗದ ಮಾಡ್ಯೂಲಿನ ಕ್ರಿಸ್ಟಲ್ ಚಳಿಗೆ ಸರಿಯುತ್ತದೆ, ಕಿರಿದಾದ ಬ್ಯಾಂಡ್‌ವಿಡ್ತ್ ಇಟ್ಟರೆ 12 ಕಿ.ಮೀ. ಹತ್ತಿರ ಸಿಗ್ನಲ್ ಜೋರಾಗಿದ್ದರೂ ಡಿಕೋಡ್ ಆಗುವುದಿಲ್ಲ. ಆಂಟೆನಾ ಕಾಲು ತರಂಗದ್ದು, 16.4 ಸೆಂ.ಮೀ. ತಂತಿ ಕೆಳಮುಖವಾಗಿ, ಬುಡದಲ್ಲಿ ನಾಲ್ಕು ಅಡ್ಡ ತಂತಿ. ಹತ್ತು ಸೆಕೆಂಡಿಗೊಂದು ಸಂದೇಶ: ಕಾಲ್‌ಸೈನ್, ಕ್ರಮಸಂಖ್ಯೆ, ಸಮಯ, ಸ್ಥಾನ, ಎತ್ತರ, ಒಳ-ಹೊರ ತಾಪಮಾನ, ಒತ್ತಡ, ಬ್ಯಾಟರಿ ವೋಲ್ಟ್. ಸೆಕೆಂಡಿಗೊಂದು ಓದು ಮೆಮೊರಿ ಕಾರ್ಡಿಗೂ ಹೋಗಲಿ.

ಡಬ್ಬಿಯ ಹೊರಗೆ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ‘ಹವಾಮಾನ ಪ್ರಯೋಗ, ಅಪಾಯವಿಲ್ಲ, ದಯವಿಟ್ಟು ಕರೆ ಮಾಡಿ’ ಎಂದು ಫೋನ್ ನಂಬರಿನೊಂದಿಗೆ ಬರೆದು ಪ್ಲಾಸ್ಟಿಕ್ ಟೇಪು ಹಚ್ಚಿ. ತಂತಿ ಇಳಿಬಿದ್ದು ಮಿಣುಕುವ ಬಿಳಿ ಡಬ್ಬಿ ಹೊಲದಲ್ಲಿ ಸಿಕ್ಕರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಬಲೂನು, ಅನಿಲ, ಲೆಕ್ಕ

600 ಗ್ರಾಂನ ಹವಾಮಾನ ಬಲೂನು ಸುಮಾರು 6 ಮೀಟರ್ ವ್ಯಾಸಕ್ಕೆ ಒಡೆಯುತ್ತದೆ. ಎತ್ತಬೇಕಾದದ್ದು ಬಲೂನು 600, ಹೊರೆ 650, ಸೆಕೆಂಡಿಗೆ ಸುಮಾರು 5 ಮೀಟರ್ ಏರಲು ಹೆಚ್ಚುವರಿ 650. ಒಟ್ಟು 1900 ಗ್ರಾಂ. ಕುಶಾಲನಗರ ಸುಮಾರು 830 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಘನಮೀಟರ್ ಹೀಲಿಯಂ 960 ಗ್ರಾಂನಷ್ಟೇ ಎತ್ತುತ್ತದೆ, ಕರಾವಳಿಯಲ್ಲಾದರೆ 1040ರ ಹತ್ತಿರ. ಹಾಗಾಗಿ 1.98 ಘನಮೀಟರ್ ಬೇಕು, ಬಲೂನಿನ ವ್ಯಾಸ ನೆಲದಲ್ಲಿ 1.55 ಮೀಟರ್. ಒಡೆಯುವ ಹೊತ್ತಿಗೆ ಗಾತ್ರ 113 ಘನಮೀಟರ್, ಅಂದರೆ 57 ಪಟ್ಟು; ಗಾಳಿ ಅಷ್ಟು ತೆಳುವಾಗುವುದು ಇಪ್ಪತ್ತೊಂಬತ್ತೂವರೆ ಕಿ.ಮೀ.ಯಲ್ಲಿ. ಏರಲು 95 ನಿಮಿಷ, ಇಳಿಯಲು 40.

47 ಲೀಟರ್, 150 ಬಾರ್ ಸಿಲಿಂಡರಿನಲ್ಲಿ 7 ಘನಮೀಟರ್ ಇರುತ್ತದೆ. ನಿಮ್ಮ ಬಲೂನಿಗೆ ಗೇಜು ಸುಮಾರು 40 ಬಾರ್ ಇಳಿಯಬೇಕು. 60 ಇಳಿದರೂ ಬಲೂನು ಎತ್ತುತ್ತಿಲ್ಲವೆಂದರೆ ಎಲ್ಲೋ ಸೋರುತ್ತಿದೆ ಅಥವಾ ಸಿಲಿಂಡರಿನಲ್ಲಿರುವುದು ಅಪ್ಪಟ ಹೀಲಿಯಂ ಅಲ್ಲ. ಹೈಡ್ರೋಜನ್ ಅಗ್ಗ, ಹೆಚ್ಚು ಎತ್ತುತ್ತದೆ, ನಿಜ. ಆದರೆ ಚಳಿಗಾಲದ ಒಣಹವೆಯಲ್ಲಿ ಪ್ಲಾಸ್ಟಿಕ್ ಟಾರ್ಪಾಲಿನ ಮೇಲೆ ಸ್ಥಿರವಿದ್ಯುತ್ತಿನ ಒಂದು ಕಿಡಿ ಸಾಕು. ತರಬೇತಿ ಇಲ್ಲದವರು ಅದರ ತಂಟೆಗೆ ಹೋಗಬಾರದು.

ಪ್ಯಾರಾಚೂಟ್ 90 ಸೆಂ.ಮೀ. ವ್ಯಾಸದ್ದು, ನೆಲದ ಹತ್ತಿರ ಸೆಕೆಂಡಿಗೆ 5 ಮೀಟರ್ ವೇಗಕ್ಕೆ ಇಳಿಸುತ್ತದೆ.

ನಸುಕಿನ ಎರಡು ಗಂಟೆ

1. 3.30ಕ್ಕೆ ಗದ್ದೆ ತಲುಪಿ. ಮೊದಲು ಟ್ರ್ಯಾಕರ್ ಎರಡನ್ನೂ ಹಚ್ಚಿ. ಹೊಸ ಜಾಗದಲ್ಲಿ ಜಿಪಿಎಸ್ ಉಪಗ್ರಹ ಹುಡುಕಲು ಸಮಯ ಬೇಕು. ಸಂದೇಶ ಕಾರಿನ ರಿಸೀವರಿಗೆ ಬರದೆ ಮುಂದಿನ ಕೆಲಸ ಬೇಡ.

2. ದಾರ ಜೋಡಿಸಿ: ಬಲೂನು, 5 ಮೀಟರ್, ಪ್ಯಾರಾಚೂಟ್, 10 ಮೀಟರ್, ಪ್ರತಿಫಲಕ, 10 ಮೀಟರ್, ಡಬ್ಬಿ. ನೈಲಾನ್ ದಾರದ ಗಂಟು ಜಾರುತ್ತದೆ. ಪ್ರತಿ ಗಂಟಿಗೂ ಒಂದು ಹನಿ ಸೂಪರ್ ಗ್ಲೂ.

3. 4.30ಕ್ಕೆ ಕೈಗೆ ರಬ್ಬರ್ ಗ್ಲೋವ್ಸ್, ಉಂಗುರ ಗಡಿಯಾರ ಬಿಚ್ಚಿಟ್ಟು ಬಲೂನು ತೆಗೆಯಿರಿ. ಬೆರಳಿನ ಎಣ್ಣೆ ತಾಗಿದ ಜಾಗ ಮೇಲೆ ಹಿಗ್ಗುವಾಗ ಮೊದಲು ಹರಿಯುತ್ತದೆ.

4. ಬಾಯಿಗೆ ಪಿವಿಸಿ ಪೈಪಿನ ತುಂಡು ತೂರಿಸಿ ಬಿಗಿಯಿರಿ. ಪೈಪಿಗೆ ನೀರಿನ ಬಾಟಲು ಕಟ್ಟಿ. ಪೈಪು, ಕ್ಲಿಪ್ಪು, ಎತ್ತಿಹಿಡಿದ ಹೋಸಿನ ಭಾಗ, ನೀರು ಎಲ್ಲ ಸೇರಿ ಸರಿಯಾಗಿ 1300 ಗ್ರಾಂ ಆಗುವಂತೆ ನೀರು ಅಳೆದು ತುಂಬಿಸಿರಿ. ಹೊರೆ 650, ಹೆಚ್ಚುವರಿ 650. ಬಲೂನಿನ ಸ್ವಂತ ತೂಕ ಇಲ್ಲಿ ಲೆಕ್ಕಕ್ಕಿಲ್ಲ.

5. ಅನಿಲ ನಿಧಾನ ಬಿಡಿ, ಹತ್ತು ಹದಿನೈದು ನಿಮಿಷ. ರಭಸದಲ್ಲಿ ಬಿಟ್ಟರೆ ರಬ್ಬರು ಒಂದೇ ಕಡೆ ಹಿಗ್ಗುತ್ತದೆ. ಬಾಟಲು ನೆಲ ಬಿಟ್ಟು ಮೇಲೂ ಹೋಗದೆ ಕೆಳಗೂ ಇಳಿಯದೆ ತೂಗಾಡಿದಾಗ ನಿಲ್ಲಿಸಿ. ಗಾಳಿ ಬೀಸಿದರೆ ಈ ಅಳತೆ ಸುಳ್ಳಾಗುತ್ತದೆ, ನಿಂತಾಗ ಇನ್ನೊಮ್ಮೆ ನೋಡಿ.

6. ಬಾಯಿ ತಿರುಚಿ ಕೇಬಲ್ ಟೈ ಬಿಗಿದು, ದಾರ ಪೋಣಿಸಿ, ಮಡಚಿ ಇನ್ನೊಂದು ಟೈ, ಮೇಲೆ ಟೇಪು. ಟೈನ ಚೂಪು ತುದಿ ಕತ್ತರಿಸಿದ ಮೇಲೆ ಅದಕ್ಕೂ ಟೇಪು.

7. ಸೆನ್ಸರಿನ ಚೀಲ ತೆಗೆಯಿರಿ. ದಾರವನ್ನು ಕೈಯಿಂದ ಕೈಗೆ ಬಿಡುತ್ತಾ ಹೋಗಿ. ಡಬ್ಬಿ ಹಿಡಿದವರು ಬಲೂನಿನ ನೇರ ಕೆಳಗೆ ನಡೆಯುತ್ತಾ ಬಂದು, ದಾರ ಬಿಗಿಯಾದಾಗ ಕೈ ಸಡಿಲಿಸಿದರೆ ಸಾಕು. ಎಸೆಯಬೇಡಿ.

ಅನಿಲ ಕಡಿಮೆಯಾದರೆ ಆಗುವ ಅನಾಹುತ ಹೆಚ್ಚಾದರೆ ಆಗುವುದಕ್ಕಿಂತ ದೊಡ್ಡದು. ಹೆಚ್ಚಾದರೆ ಒಂದೆರಡು ಕಿ.ಮೀ. ಮೊದಲೇ ಒಡೆಯುತ್ತದೆ, ಅಷ್ಟೆ. ಕಡಿಮೆಯಾದರೆ ಸೆಕೆಂಡಿಗೆ ಎರಡು ಮೂರು ಮೀಟರ್ ತೆವಳುತ್ತಾ ಗಂಟೆಗಟ್ಟಲೆ ತೇಲಿ ಮುನ್ಸೂಚನೆಯ ನಕ್ಷೆಯನ್ನೇ ದಾಟಿಹೋಗುತ್ತದೆ. ಸೆನ್ಸರಿಗೆ ಬೇಕಾದ ಗಾಳಿಯೂ ಸಿಗುವುದಿಲ್ಲ.

ಹುಡುಕಾಟ

30 ಕಿ.ಮೀ. ಎತ್ತರದಿಂದ ರೇಡಿಯೋ ದಿಗಂತ 600 ಕಿ.ಮೀ.ಗೂ ಆಚೆ, ಮೈಸೂರು, ಬೆಂಗಳೂರಿನ ಹ್ಯಾಮ್‌ಗಳಿಗೂ ಕೇಳುತ್ತದೆ, ಮೊದಲೇ ಹೇಳಿಡಿ. ತೊಂದರೆ ಕೊನೆಯಲ್ಲಿ. ಇಳಿಯುವಾಗ ಡಬ್ಬಿ ಗುಡ್ಡದ ಮರೆಗೆ ಹೋದೊಡನೆ ಸಿಗ್ನಲ್ ಸಾಯುತ್ತದೆ. 1500 ಮೀಟರ್‌ನಲ್ಲಿ ಕೊನೆಯ ಸಂದೇಶ ಸಿಕ್ಕರೆ, ನೆಲ ಮುಟ್ಟಲು ಇನ್ನೂ ಎರಡು ನಿಮಿಷಕ್ಕೂ ಹೆಚ್ಚು. ಅಷ್ಟರಲ್ಲಿ ಒಂದು ಕಿ.ಮೀ. ಸರಿಯಬಹುದು. ಒಂದು ಕಾರು ಇಳಿಯುವ ಜಾಗದ ಹತ್ತಿರದ ದಿಬ್ಬದ ಮೇಲೆ ಯಾಗಿ ಆಂಟೆನಾ (ಒಂದೇ ದಿಕ್ಕಿಗೆ ಗುರಿಯಿಡುವಂಥದ್ದು) ಹಿಡಿದು ಕಾಯಲಿ. ನಕ್ಷೆ ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಬೇಕು, ತೋಟಗಳ ನಡುವೆ ನೆಟ್‌ವರ್ಕ್ ನಂಬಬೇಡಿ.

ತೋಟದಲ್ಲಿ ಬಿದ್ದರೆ ಬೇಲಿ ಹಾರುವ ಮೊದಲು ರೈಟರನ್ನು (ತೋಟದ ಮೇಲ್ವಿಚಾರಕರನ್ನು) ಕಂಡು ವಿಷಯ ಹೇಳಿ. ಕಾಫಿ ಕುಯ್ಲಿನ ದಿನಗಳಾದ್ದರಿಂದ ಕೆಲಸದವರು ಇದ್ದೇ ಇರುತ್ತಾರೆ, ಯಾವ ಸಾಲಿನಲ್ಲಿ ಬಿತ್ತೆಂದು ಅವರೇ ತೋರಿಸುತ್ತಾರೆ. ಆನೆ ಇರುವ ಕಡೆಯಾದರೆ ಅವರ ಮಾತು ಮೀರಬೇಡಿ. ಡಬ್ಬಿ ಮರದ ತುದಿಯಲ್ಲಿ ಸಿಕ್ಕಿದ್ದರೆ ಮೆಣಸು ಕುಯ್ಯುವ ಏಣಿ, ಅದನ್ನು ಹತ್ತಿ ಪಳಗಿದವರು ಅಲ್ಲೇ ಸಿಗುತ್ತಾರೆ. ನೀವು ಹತ್ತುವುದು ಬೇಡ.

ಅಂಕಿಗಳನ್ನು ಓದುವುದು

ಎಕ್ಸೆಲ್‌ನಲ್ಲಿ ಎತ್ತರವನ್ನು ನಿಂತ ಅಕ್ಷಕ್ಕೆ, ತಾಪಮಾನವನ್ನು ಮಲಗಿದ ಅಕ್ಷಕ್ಕೆ ಹಾಕಿ. ಮೊದಲು ಬುಡ ನೋಡಿ. ಮೇಲೇರಿದಂತೆ ಬಿಸಿಯಾಗುತ್ತಿದ್ದರೆ ಗಾಬರಿ ಬೇಡ: ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರಿನಿಂದ ಹರಿದು ಕಣಿವೆಯಲ್ಲಿ ನಿಂತಿರುತ್ತದೆ. ಬೆಳಗಿನ ಜಾವ ಗುಡ್ಡದ ಮೇಲಿಂದ ನೋಡಿದಾಗ ಕಣಿವೆ ತುಂಬಾ ಹಾಲು ಚೆಲ್ಲಿದಂತೆ ಕಾಣುವ ಮಂಜಿನ ಮೇಲ್ಮೈ ಸಾಮಾನ್ಯವಾಗಿ ಈ ತಿರುವಿನ ಹತ್ತಿರವೇ ಇರುತ್ತದೆ.

ಬಳಿಕ 500 ಮೀಟರ್‌ಗೊಂದು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಕಿ.ಮೀ.ಗೆ ಎಷ್ಟು ಇಳಿಯಿತೆಂದು ಲೆಕ್ಕ ಹಾಕಿ. ಯಾವ ತುಂಡಿನಲ್ಲಾದರೂ 10 ಡಿಗ್ರಿ ಮೀರಿದರೆ ಅನುಮಾನಿಸಿ. ಒದ್ದೆ ಸೆನ್ಸರ್ ಆರಿದ್ದಿರಬೇಕು. ಟ್ರೋಪೊಪಾಸ್ ಗುರುತಿಸಲು ವಿಶ್ವ ಹವಾಮಾನ ಸಂಸ್ಥೆಯ ನಿಯಮ ಬಳಸಿ: ಇಳಿಕೆ ಕಿ.ಮೀ.ಗೆ 2 ಡಿಗ್ರಿ ಅಥವಾ ಕಡಿಮೆಯಾಗುವ ಅತಿ ಕೆಳಗಿನ ಮಟ್ಟ, ಅದರ ಮೇಲಿನ 2 ಕಿ.ಮೀ.ಯಲ್ಲೂ ಸರಾಸರಿ 2 ಮೀರಬಾರದು. ಅತಿ ಚಳಿಯ ಬಿಂದು ಇದಕ್ಕಿಂತ ತುಸು ಮೇಲೆ ಸಿಗಬಹುದು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಏರಿಕೆಯ ಅಂಕಿಗಳನ್ನೇ ನಂಬಿ. ಬಲೂನು ಒಡೆದ ಕೂಡಲೇ ಡಬ್ಬಿ ಸೆಕೆಂಡಿಗೆ 35–40 ಮೀಟರ್ ವೇಗದಲ್ಲಿ ಬೀಳುತ್ತದೆ. ಸೆನ್ಸರಿಗೆ ಹತ್ತು ಸೆಕೆಂಡು ವಿಳಂಬವಿದ್ದರೆ ಅದು ತೋರಿಸುವುದು 400 ಮೀಟರ್ ಹಿಂದಿನ ಗಾಳಿಯನ್ನು. ಏರುವಾಗ ಅದೇ ವಿಳಂಬ 50 ಮೀಟರ್. ಬಿಸಿಲು ಬಿದ್ದ ಮೇಲಿನ ಭಾಗವನ್ನು, ಅಂದರೆ ಸುಮಾರು 20 ಕಿ.ಮೀ.ಗಿಂತ ಮೇಲಿನದನ್ನು, ಗ್ರಾಫಿನಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ. ಅಲ್ಲಿ ಪಣಂಬೂರಿನ ಅಂಕಿಗಿಂತ ನಿಮ್ಮದು ಒಂದೆರಡು ಡಿಗ್ರಿ ಬಿಸಿ ಬಂದರೆ ಆಕಾಶವನ್ನು ದೂರಬೇಡಿ.

ಡಬ್ಬಿ ಕೈಗೆ ಬಂದ ಸಂಜೆಯೇ ಸೆನ್ಸರನ್ನು ಮತ್ತೆ ಮಂಜುಗಡ್ಡೆಯ ಥರ್ಮಾಸಿನಲ್ಲಿ ಮುಳುಗಿಸಿ ಹದಿನೈದು ನಿಮಿಷ ಬಿಡಿ. ಹಾರುವ ಮೊದಲು 1000.4 ಓಮ್ ಇದ್ದದ್ದು ಈಗ 1002.3 ಆಗಿದ್ದರೆ ಅರ್ಧ ಡಿಗ್ರಿ ಸರಿದಿದೆ ಎಂದರ್ಥ. ಮರಕ್ಕೆ ಬಡಿದಾಗ ಸರಿಯಿತೋ, ಮೈನಸ್ 80ರಲ್ಲಿ ಬೆಸುಗೆ ಬಿರುಕುಬಿಟ್ಟಿತೋ ಎಂಬುದನ್ನು ಮೆಮೊರಿ ಕಾರ್ಡಿನ ಸೆಕೆಂಡು ಸೆಕೆಂಡಿನ ಓದಿನಲ್ಲಿ ಎಲ್ಲಿ ಜಿಗಿತವಿದೆ ಎಂದು ನೋಡಿ ಪತ್ತೆಹಚ್ಚಬೇಕು.